ಕರ್ವೆ ಕುಳಿತಿದ್ದ ಅಧ್ಯಕ್ಷಪೀಠ: 1921ರ ಹೈದರಾಬಾದ್ ಸಮ್ಮೇಳನದ ಮರು ಓದು

ಹೈದರಾಬಾದ್ ಸಂಸ್ಥಾನದ ಭಾಷಾ ಚಳವಳಿಯ ಚರಿತ್ರೆ ಸಾಮಾನ್ಯವಾಗಿ 1921ರ ನವೆಂಬರ್ 12ರಿಂದ ಹೊರಡುತ್ತದೆ. ಅಂದಿನ ಸಭೆಯಲ್ಲಿ ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳನ್ನು ಸಾವಧಾನವಾಗಿ ಕೇಳಿದ ಜನ, ವಕೀಲ ಆಲಂಪಲ್ಲಿ ವೆಂಕಟರಾಮರಾವ್ ತೆಲುಗಿನಲ್ಲಿ ಮಾತೆತ್ತಿದೊಡನೆ ಗದ್ದಲವೆಬ್ಬಿಸಿದರು. ಅದೇ ರಾತ್ರಿ ಆಂಧ್ರ ಜನ ಸಂಘ ಹುಟ್ಟಿತು. ಏಕೀಕರಣದ ಕಥೆ ಹೇಳುವ ನಮ್ಮವರೂ ಇದನ್ನು ನೆರೆಯವರ ಸ್ವಾಭಿಮಾನದ ಪ್ರಸಂಗವೆಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಈ ಓದು ನನಗೆ ಒಪ್ಪಿಗೆಯಿಲ್ಲ. ಅದು ಭಾಷೆಗಾಗಿ ಕರೆದ ಸಭೆಯೇ ಅಲ್ಲ, ಸಮಾಜ ಸುಧಾರಣಾ ಸಮ್ಮೇಳನ. ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಧೋಂಡೊ ಕೇಶವ ಕರ್ವೆ. ವಿಧವೆಯರಿಗೆ ಆಶ್ರಮ ಕಟ್ಟಿದ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ತೆರೆದ ಅದೇ ಕರ್ವೆ. ಗದ್ದಲದ ಸದ್ದನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದವರು ಅಧ್ಯಕ್ಷರ ಹೆಸರನ್ನು ಅಲಂಕಾರದಂತೆ ಇಟ್ಟುಹೋದದ್ದು ಸಣ್ಣ ಲೋಪವಲ್ಲ. ಕರ್ವೆಯವರ ವಿಶ್ವವಿದ್ಯಾಲಯದ ಮೂಲ ನಿಯಮವೇ ಮಾತೃಭಾಷೆಯಲ್ಲಿ ಬೋಧನೆ. ಇಂಗ್ಲಿಷ್ ಅಲ್ಲಿ ಕಡ್ಡಾಯ ವಿಷಯವಾಗಿತ್ತು, ಮಾಧ್ಯಮವಾಗಿರಲಿಲ್ಲ. ಹುಡುಗಿಯ ಓದು ಮತ್ತು ಮನೆಮಾತು ಅವರ ಕಾರ್ಯಕ್ರಮದಲ್ಲಿ ಒಂದೇ ಗಂಟು. ಆ ಗಂಟನ್ನು ಬಿಚ್ಚಿ, ಭಾಷೆಯನ್ನು ಗಂಡಸರ ರಾಜಕಾರಣಕ್ಕೂ ಹೆಣ್ಣುಮಕ್ಕಳ ಶಿಕ್ಷಣವನ್ನು 'ಸುಧಾರಣೆ' ಎಂಬ ಅಡಿಟಿಪ್ಪಣಿಗೂ ಹಂಚಿದವರು ಆಮೇಲಿನ ಇತಿಹಾಸಕಾರರು.

ಏಳು ವರ್ಷಗಳ ನಂತರದ ಸಾಕ್ಷ್ಯವೊಂದು ಹಿಮಾಯತ್‌ನಗರಕ್ಕೆ ಹೊಂದಿಕೊಂಡ ನಾರಾಯಣಗೂಡದಲ್ಲಿದೆ. 1928ರಲ್ಲಿ ಆಂಧ್ರ ಜನ ಸಂಘದ ಮುಂದಾಳು ಮಾಡಪಾಟಿ ಹನುಮಂತರಾವ್ ತೆಲುಗು ಮಾಧ್ಯಮದ ಬಾಲಿಕಾ ಪಾಠಶಾಲೆ ತೆರೆದರು. ಸಂಸ್ಥಾನದ ಉಸ್ಮಾನಿಯಾ ವಿಶ್ವವಿದ್ಯಾಲಯದ್ದು 1918ರಿಂದಲೂ ಉರ್ದು ಮಾಧ್ಯಮವಾಗಿತ್ತು. ತೆಲುಗಿನಲ್ಲಿ ಕಲಿತ ಹುಡುಗಿಗೆ ಅಲ್ಲಿ ಬಾಗಿಲಿರಲಿಲ್ಲ. ರಾಯಚೂರಿನ, ಕಲಬುರಗಿಯ ಕನ್ನಡ ಹುಡುಗಿಗೂ ಇರಲಿಲ್ಲ. ಶಾಲೆ ಮಾನ್ಯತೆಗಾಗಿ ಹೋದದ್ದು ಪುಣೆಯಲ್ಲಿದ್ದ ಕರ್ವೆಯವರ ವಿಶ್ವವಿದ್ಯಾಲಯಕ್ಕೆ.

ಅದು ಕೇವಲ ಅನಿವಾರ್ಯದ ದಾರಿ, ಸರ್ಕಾರ ಒಪ್ಪದ್ದಕ್ಕೆ ಹುಡುಕಿಕೊಂಡ ಆಸರೆ ಎಂದು ಆಕ್ಷೇಪಿಸಬಹುದು. ಅನಿವಾರ್ಯವಿತ್ತು, ನಿಜ. ಈ ಸಂಯೋಜನೆಯೊಂದನ್ನೇ ಹಿಡಿದು 1921ರ ಸಭೆಯೇ ಶಾಲೆಗೆ ಕಾರಣವೆಂದು ನಾನೂ ಸಾಧಿಸುತ್ತಿಲ್ಲ. ಆದರೆ ಸರ್ಕಾರದ ಅಸಮ್ಮತಿ ಶಾಲೆ ಹೊರಗೆ ನೋಡಿದ್ದೇಕೆಂದು ಹೇಳುತ್ತದೆಯೇ ಹೊರತು ಪುಣೆಯ ಕಡೆಗೇ ಏಕೆಂದು ಹೇಳುವುದಿಲ್ಲ. ಹುಡುಗಿಯರನ್ನು ಅವರ ಮನೆಮಾತಿನಲ್ಲಿ ಓದಿಸಬೇಕೆಂಬ ತತ್ತ್ವದ ಮೇಲೆಯೇ ನಿಂತ ವಿಶ್ವವಿದ್ಯಾಲಯವನ್ನು ಆರಿಸಿಕೊಂಡದ್ದನ್ನು ಕಾಕತಾಳೀಯವೆಂದು ತಳ್ಳಿಹಾಕುವ ಹೊಣೆ ಆಕ್ಷೇಪಿಸುವವರದೇ.

ಮುಂದಿನ ದಾಖಲೆಯೂ ಇದೇ ದಿಕ್ಕಿಗೆ ಬೆರಳು ಮಾಡುತ್ತದೆ. 1930ರಲ್ಲಿ ಜೋಗಿಪೇಟೆಯಲ್ಲಿ ಸುರವರಂ ಪ್ರತಾಪರೆಡ್ಡಿ ಅಧ್ಯಕ್ಷತೆಯಲ್ಲಿ, ಆಂಧ್ರ ಜನ ಸಂಘದ ಚಳವಳಿಯ ಮುಂದುವರಿಕೆಯಾದ ಮೊದಲ ಆಂಧ್ರ ಮಹಾಸಭೆ ಸೇರಿದಾಗ, ಜೊತೆಯಲ್ಲೇ ನಡಿಂಪಲ್ಲಿ ಸುಂದರಮ್ಮನವರ ಅಧ್ಯಕ್ಷತೆಯಲ್ಲಿ ಮಹಿಳಾ ಸಭೆಯೂ ನಡೆಯಿತು. ದೇವರಕೊಂಡದಲ್ಲಿ ವರಲಕ್ಷ್ಮಮ್ಮ, ಖಮ್ಮಂನಲ್ಲಿ ಯೆಲ್ಲಾಪ್ರಗಡ ಸೀತಾಕುಮಾರಿ, ಸಿರಿಸಿಲ್ಲದಲ್ಲಿ ಮಾಡಪಾಟಿ ಮಾಣಿಕ್ಯಮ್ಮ. ಊರೂರಿಗೆ ಮಹಾಸಭೆ ಹೋದಂತೆ ಮಹಿಳಾ ಸಭೆಯೂ ಹೋಯಿತು. ಪುರುಷ ಅಧ್ಯಕ್ಷರ ಪಟ್ಟಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ಈ ಹೆಸರುಗಳನ್ನು ಹೇಳಿಕೊಡುವವರು ವಿರಳ.

ನನ್ನ ವಾದಕ್ಕೆ ಒಂದು ಮಿತಿಯಿದೆ, ಅದನ್ನು ಮರೆಮಾಚಲಾರೆ. ಈ ಶಾಲೆ, ಈ ಸಭೆಗಳು ಬಹುಮಟ್ಟಿಗೆ ಮೇಲ್ಜಾತಿಯ, ವಿದ್ಯಾವಂತ ಮನೆಗಳ ಸಾಧನೆ. ಜೋಗಿಪೇಟೆಯಲ್ಲೇ ದಲಿತ ನಾಯಕ ಭಾಗ್ಯರೆಡ್ಡಿ ವರ್ಮ ಅವರ ಭಾಗವಹಿಸುವಿಕೆಗೆ ಸವರ್ಣೀಯರು ಅಡ್ಡಿ ತೆಗೆದರು. ವರ್ಮ ಅವರು 1911ರಲ್ಲಿ ಮಾನ್ಯ ಸಂಘ ಕಟ್ಟಿ, ದಲಿತ ಮಕ್ಕಳಿಗೆ ಶಾಲೆಗಳನ್ನು ತೆರೆದು, ಹುಡುಗಿಯರನ್ನು ಜೋಗಿನಿ ಬಿಡುವ ಪದ್ಧತಿಯ ವಿರುದ್ಧ ಹೋರಾಡಿದವರು. ನಾರಾಯಣಗೂಡದ ಶಾಲೆಗಿಂತ ಹದಿನೇಳು ವರ್ಷ ಮೊದಲೇ ಶುರುವಾದ ಈ ಕೆಲಸವನ್ನು ಬಿಟ್ಟು ಸಂಸ್ಥಾನದ ಹೆಣ್ಣುಮಕ್ಕಳ ಹಕ್ಕಿನ ಚರಿತ್ರೆಯನ್ನು 1921ರಿಂದ ಆರಂಭಿಸುವುದೂ ತಪ್ಪೇ.