ಹೋರಿಯ ವೀರ್ಯಾಣು ಫಲೀಕರಣಕ್ಕೆ ಸಜ್ಜಾಗುವುದು ಹೇಗೆ? ಹೆಪಾರಿನ್, ಕ್ಯಾಲ್ಸಿಯಂ ಪಾತ್ರವೇನು?

ಹಸು ಬೆದೆಗೆ ಬಂತು, ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಮಾಡಿಸಿದ್ದೂ ಆಯ್ತು, ಆದರೂ ಗಬ್ಬ ನಿಲ್ಲಲಿಲ್ಲ. ಹೈನುಗಾರಿಕೆ ಮಾಡುವವರ ಮನೆಯಲ್ಲಿ ಆಗಾಗ ಕೇಳಿಬರುವ ಮಾತಿದು. ಮತ್ತೆ ಬೆದೆಗೆ ಬರಲು ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿಯ ಖರ್ಚು ರೈತನ ತಲೆ ಮೇಲೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಕಣ್ಣಿಗೆ ಕಾಣದ ಒಂದು, ವೀರ್ಯಾಣು ಸಜ್ಜಾಗುವ ಹೊತ್ತಿಗೂ ಅಂಡಾಣು ಬಿಡುಗಡೆಯಾಗುವ ಹೊತ್ತಿಗೂ ತಾಳೆಯಾಗದಿರುವುದು.

ಹೋರಿಯಿಂದ ಹೊರಬಂದ ವೀರ್ಯಾಣು ಚುರುಕಾಗಿ ಈಜುತ್ತದೆ ನಿಜ. ಆದರೆ ಆಗಲೇ ಅದನ್ನು ಅಂಡಾಣುವಿನ ಪಕ್ಕ ಬಿಟ್ಟರೂ ಪ್ರಯೋಜನವಿಲ್ಲ. ಹಸುವಿನ ದೇಹದೊಳಗೆ ಕೆಲವು ಗಂಟೆ ಕಳೆದ ಮೇಲಷ್ಟೇ ಅದಕ್ಕೆ ಫಲೀಕರಣದ ಶಕ್ತಿ ಬರುತ್ತದೆ. ಈ ಬದಲಾವಣೆಯ ಹೆಸರು ಕೆಪಾಸಿಟೇಶನ್. 1951ರಲ್ಲಿ ಅಮೆರಿಕದಲ್ಲಿ ಎಂ.ಸಿ. ಚಾಂಗ್ ಮೊಲಗಳಲ್ಲಿ, ಆಸ್ಟ್ರೇಲಿಯಾದಲ್ಲಿ ಸಿ.ಆರ್. ಆಸ್ಟಿನ್ ಇಲಿಗಳಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದರು.

ಮೊದಲು ಕೊಲೆಸ್ಟ್ರಾಲ್ ಹೊರಕ್ಕೆ

ವೀರ್ಯ ಹೊರಬರುವಾಗ ಅದರ ದ್ರವದಲ್ಲಿರುವ ಬಿಎಸ್‌ಪಿ ಎಂಬ ಪ್ರೋಟೀನ್‌ಗಳು ವೀರ್ಯಾಣುವಿನ ಪೊರೆಗೆ ಅಂಟಿಕೊಳ್ಳುತ್ತವೆ. ಇವುಗಳಿಗೆ ಹೆಪಾರಿನ್ ಜೊತೆ ನಂಟಿದೆ. ಹೌದು, ಆಸ್ಪತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಕೊಡುವ ಅದೇ ಹೆಪಾರಿನ್! ಹಸು ಬೆದೆಯಲ್ಲಿರುವಾಗ ಅದರ ಅಂಡನಾಳದ ದ್ರವದಲ್ಲಿ ಹೆಪಾರಿನ್‌ನಂಥ ವಸ್ತುಗಳಿರುತ್ತವೆ. ಅವು ಬಿಎಸ್‌ಪಿಗೆ ಅಂಟಿಕೊಂಡಾಗ ಪೊರೆಯಲ್ಲಿರುವ ಕೊಲೆಸ್ಟ್ರಾಲ್ ಕರಗಿ ಹೊರಹೋಗಲು ದಾರಿಯಾಗುತ್ತದೆ. ಅದನ್ನು ಹೊತ್ತೊಯ್ಯುವ ಕೆಲಸ ಆಲ್ಬುಮಿನ್, ಎಚ್‌ಡಿಎಲ್‌ನಂಥವುಗಳದ್ದು. ಗಟ್ಟಿಯಾಗಿದ್ದ ಪೊರೆ ಸಡಿಲವಾಗುತ್ತದೆ.

ಮುಂದಿನ ಸರದಿ ಬೈಕಾರ್ಬನೇಟ್‌ನದ್ದು. ಅದು ವೀರ್ಯಾಣುವಿನೊಳಗಿನ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚಾಗಿ, ಪ್ರೋಟೀನ್‌ಗಳಿಗೆ ಫಾಸ್ಫೇಟ್ ಸೇರುತ್ತಾ ಹೋಗುತ್ತದೆ. ಜೊತೆಗೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಗ ನೆಟ್ಟಗೆ ಈಜುತ್ತಿದ್ದ ವೀರ್ಯಾಣುವಿನ ಬಾಲ ಚಾಟಿಯಂತೆ ಬೀಸತೊಡಗುತ್ತದೆ. ಅಂಡಾಣು ಸಿಕ್ಕಾಗ ತಲೆಯ ಮೇಲಿನ ಆಕ್ರೋಸೋಮ್ ಎಂಬ ಟೋಪಿ ಒಡೆದು, ಅದರೊಳಗಿನ ಕಿಣ್ವಗಳು ಅಂಡಾಣುವಿನ ಹೊದಿಕೆ ದಾಟಲು ನೆರವಾಗುತ್ತವೆ.

1988ರಲ್ಲಿ ಜಾನ್ ಪ್ಯಾರಿಷ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಹೆಪಾರಿನ್‌ನಿಂದ ಹೋರಿಯ ವೀರ್ಯಾಣುವನ್ನು ಸಜ್ಜುಗೊಳಿಸುವ ವಿಧಾನ ವಿವರಿಸಿದರು. ಇದಕ್ಕೆ ಬೇಕಾಗಿದ್ದು 1 ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂ ಹೆಪಾರಿನ್ ಮತ್ತು ಸುಮಾರು 4 ಗಂಟೆ. ಅಚ್ಚರಿಯೆಂದರೆ, ಶಕ್ತಿ ಕೊಡುವ ಗ್ಲೂಕೋಸ್ ದ್ರವದಲ್ಲಿದ್ದರೆ ಈ ಕೆಲಸಕ್ಕೆ ಅಡ್ಡಿ! ಕಾಫಿಯಲ್ಲಿರುವ ಕೆಫೀನ್ ಮಾತ್ರ ಸೈಕ್ಲಿಕ್ ಎಎಂಪಿ ಬೇಗ ಒಡೆಯದಂತೆ ತಡೆದು ಸಹಾಯವನ್ನೇ ಮಾಡುತ್ತದೆ. ದನಗಳ ಪ್ರನಾಳ ಶಿಶು ತಂತ್ರಜ್ಞಾನಕ್ಕೆ ಇಂಥ ಅರಿವೇ ಆಧಾರ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 1990ರಲ್ಲಿ ಎಮ್ಮೆಯ ಪ್ರನಾಳ ಕರು ಹುಟ್ಟಿತ್ತು.

ಹೆಪ್ಪುಗಟ್ಟಿಸಿದ ವೀರ್ಯದ ಕಥೆ ಬೇರೆ

ಭಾರತದಲ್ಲಿ ಕೃತಕ ಗರ್ಭಧಾರಣೆ ಶುರುವಾಗಿದ್ದು 1939ರಲ್ಲಿ, ಮೈಸೂರಿನ ಅರಮನೆ ಡೈರಿ ಫಾರ್ಮ್‌ನಲ್ಲಿ. ಈಗ ಬೆಂಗಳೂರು ಬಳಿಯ ಹೆಸರಘಟ್ಟದಂಥ ಕೇಂದ್ರಗಳು ವೀರ್ಯವನ್ನು 0.25 ಮಿಲಿಲೀಟರ್ ಸ್ಟ್ರಾಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತವೆ. ವೀರ್ಯಕ್ಕೆ ಮೊಟ್ಟೆಯ ಹಳದಿ ಬೆರೆಸುವ ರೂಢಿಯೂ ಇದೆ. ಹಳದಿಯ ಕೊಬ್ಬಿನ ಕಣಗಳು ಬಿಎಸ್‌ಪಿಯನ್ನು ಹಿಡಿದಿಟ್ಟು ಪೊರೆಯನ್ನು ಕಾಪಾಡುತ್ತವೆ.

ಇಷ್ಟಾದರೂ ಚಳಿಯ ಪೆಟ್ಟು ತಪ್ಪುವುದಿಲ್ಲ. ಕರಗಿಸಿದಾಗ ಹಲವು ವೀರ್ಯಾಣುಗಳ ಪೊರೆ ಆಗಲೇ ಸಡಿಲವಾಗಿ, ಒಳಗೆ ಕ್ಯಾಲ್ಸಿಯಂ ಸೇರಿ, ಅರ್ಧ ಸಜ್ಜಾದಂತೆ ಇರುತ್ತವೆ. ಅವು ತಾಜಾ ವೀರ್ಯಾಣುಗಳಷ್ಟು ಹೊತ್ತು ಬದುಕುವುದಿಲ್ಲ. ಅಂಡಾಣುವಾದರೋ ಬೆದೆ ಶುರುವಾಗಿ ಸುಮಾರು 24ರಿಂದ 30 ಗಂಟೆಗೆ ಬಿಡುಗಡೆಯಾಗಿ, ಕೆಲವೇ ಗಂಟೆ ತಾಜಾ ಇರುತ್ತದೆ. ಹೀಗಾಗಿ ತೀರಾ ಬೇಗ ಇಂಜೆಕ್ಷನ್ ಮಾಡಿಸಿದರೆ ವೀರ್ಯಾಣು ಕಾದು ಸಾಯುತ್ತದೆ, ತಡವಾದರೆ ಅಂಡಾಣು ಹಳತಾಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಪಶುವೈದ್ಯರ ಸಲಹೆ ಹುಟ್ಟಿದ್ದು ಈ ಲೆಕ್ಕದಿಂದಲೇ. ಡಾಕ್ಟರಿಗೆ ಫೋನ್ ಮಾಡುವಾಗ ಹಸು ಬೆದೆಗೆ ಬಂದಿದೆ ಎನ್ನುವುದರ ಜೊತೆಗೆ, ಮೊದಲು ಕಂಡಿದ್ದು ಎಷ್ಟು ಗಂಟೆಗೆ ಎಂಬುದನ್ನೂ ಹೇಳಬೇಕು.