ಲ್ಯಾಸಿಕ್ ಮಾಡಿಸಿಕೊಂಡರೆ ಕಣ್ಣು ಶಾಶ್ವತವಾಗಿ ಒಣಗುತ್ತದೆಯೇ? ಸತ್ಯಾಂಶ ಇಲ್ಲಿದೆ

ಕನ್ನಡಕ ಬಿಡಲು ಮಾಡಿಸಿಕೊಳ್ಳುವ ಲೇಸರ್ ಚಿಕಿತ್ಸೆಯ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು, "ಕಣ್ಣೀರು ಜೀವನಪೂರ್ತಿ ಬತ್ತಿಹೋಗುತ್ತದೆ." ಇನ್ನೊಂದು, "ಹತ್ತೇ ನಿಮಿಷ, ಏನೂ ತೊಂದರೆ ಇಲ್ಲ." ನಾವು ಪರಿಶೀಲಿಸಿದಾಗ ಎರಡೂ ಪೂರ್ತಿ ನಿಜವಲ್ಲ ಎಂದು ತಿಳಿಯಿತು.

ಕಣ್ಣು ಒಣಗುವುದೇಕೆ?

ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ. ಅದರಲ್ಲಿ ಸೂಕ್ಷ್ಮ ನರಗಳು ದಟ್ಟವಾಗಿವೆ. ಕಣ್ಣು ಒಣಗಿದೆ ಎಂದು ಮೆದುಳಿಗೆ ತಿಳಿಸುವುದು, ಕಣ್ಣೀರು ಸುರಿಸುವಂತೆ, ರೆಪ್ಪೆ ಬಡಿಯುವಂತೆ ಮಾಡುವುದು ಈ ನರಗಳೇ. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ತೆಳು ಪದರವನ್ನು ಮುಚ್ಚಳದಂತೆ ಎತ್ತಿ, ಒಳಗೆ ಲೇಸರ್ ಹಾಯಿಸುತ್ತಾರೆ. ಆಗ ಅನೇಕ ನರಗಳು ತುಂಡಾಗುತ್ತವೆ. ಸೂಚನೆ ಸರಿಯಾಗಿ ಹೋಗದ್ದರಿಂದ ಕಣ್ಣೀರೂ ಕಡಿಮೆ, ರೆಪ್ಪೆ ಬಡಿಯುವುದೂ ಕಡಿಮೆ.

ಪರಿಣಾಮ: ಉರಿ, ಮರಳು ಬಿದ್ದಂತಹ ಕಿರಿಕಿರಿ, ಆಗಾಗ ದೃಷ್ಟಿ ಮಂಜಾಗುವುದು. ಕೆಲವರಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ. ಅದೂ ಒಣಗುವಿಕೆಯ ಲಕ್ಷಣವೇ. ಕಿರಿಕಿರಿಗೊಂಡ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ, ಆದರೆ ಆ ನೀರು ಕಣ್ಣಿನ ಮೇಲೆ ನಿಲ್ಲುವುದಿಲ್ಲ.

ಎಷ್ಟು ಜನರಿಗೆ? ಎಷ್ಟು ದಿನ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇತರ ಸಂಸ್ಥೆಗಳ ಜೊತೆ ನಡೆಸಿದ 'ಪ್ರೌಲ್' ಅಧ್ಯಯನಗಳಲ್ಲಿ, ಮೊದಲು ಯಾವ ಲಕ್ಷಣವೂ ಇಲ್ಲದಿದ್ದವರ ಪೈಕಿ ಶೇ. 28ರಷ್ಟು ಮಂದಿಯವರೆಗೆ ಮೂರು ತಿಂಗಳ ಹೊತ್ತಿಗೆ ಒಣಗುವಿಕೆಯ ಲಕ್ಷಣ ಇದೆ ಎಂದಿದ್ದರು. ನರಗಳು ಮತ್ತೆ ಬೆಳೆದಂತೆ, ಹೆಚ್ಚಿನವರಿಗೆ ಆರರಿಂದ ಹನ್ನೆರಡು ತಿಂಗಳಲ್ಲಿ ಆರಾಮವಾಗುತ್ತದೆ. ಕೆಲವರಿಗೆ ಮಾತ್ರ ತೊಂದರೆ ವರ್ಷಗಟ್ಟಲೆ ಉಳಿಯುತ್ತದೆ. ತೀರಾ ಅಪರೂಪಕ್ಕೆ, ಪರೀಕ್ಷೆಯಲ್ಲಿ ಕಣ್ಣು ಸರಿಯಾಗಿ ಕಂಡರೂ ನರಗಳ ನೋವು ಬಿಡುವುದಿಲ್ಲ. ಅಂಥವರ ದೂರನ್ನು "ಬರೀ ಭ್ರಮೆ" ಎಂದು ತಳ್ಳಿಹಾಕುವುದು ತಪ್ಪು.

ಚಿಕಿತ್ಸೆಗೆ ಮೊದಲು ಏನು ಮಾಡಬೇಕು?

• ಈಗಾಗಲೇ ಕಣ್ಣು ಒಣಗುತ್ತಿದ್ದರೆ, ಮಧುಮೇಹ, ಸಂಧಿವಾತ ಅಥವಾ ಥೈರಾಯ್ಡ್ ತೊಂದರೆ ಇದ್ದರೆ ವೈದ್ಯರಿಗೆ ತಿಳಿಸಿ.
• ಮೊಡವೆ, ಅಲರ್ಜಿ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಇವುಗಳಲ್ಲಿ ಕೆಲವು ಕಣ್ಣನ್ನು ಒಣಗಿಸುತ್ತವೆ.
• ಕಣ್ಣೀರಿನ ಪರೀಕ್ಷೆ ಮಾಡುತ್ತೀರಾ ಎಂದು ಕೇಳಿ. ಒಣಗುವಿಕೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು.

ಚಿಕಿತ್ಸೆಯ ನಂತರ

• ವೈದ್ಯರು ಬರೆದುಕೊಟ್ಟ ಕೃತಕ ಕಣ್ಣೀರಿನ ಹನಿಗಳನ್ನು ಹೇಳಿದಷ್ಟು ಕಾಲ ಹಾಕಿಕೊಳ್ಳಿ.
• ಮೊಬೈಲ್ ನೋಡುವಾಗ ಬಿಡುವು ಕೊಡಿ, ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ. ಫ್ಯಾನ್, ಎಸಿ ಗಾಳಿ ನೇರವಾಗಿ ಮುಖಕ್ಕೆ ಬೀಸದಿರಲಿ.
• ಕಣ್ಣು ಉಜ್ಜಬೇಡಿ. ಮುಚ್ಚಳದಂತಹ ಪದರ ಜರುಗಬಹುದು.
• ಜೇನುತುಪ್ಪ, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಹಾಕಬೇಡಿ. ಸೋಂಕಾದರೆ ದೃಷ್ಟಿಗೇ ಅಪಾಯ.
• ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಹನಿ ತಂದು ಹಾಕಿಕೊಳ್ಳಬೇಡಿ. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು.

ತೀವ್ರ ನೋವು, ಹೆಚ್ಚುತ್ತಿರುವ ಕೆಂಪು, ಕೀವು, ದೃಷ್ಟಿ ದಿಢೀರನೆ ಕುಂದುವುದು ಇವು ಬರೀ ಒಣಗುವಿಕೆ ಅಲ್ಲ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.

ನಮ್ಮ ತೀರ್ಮಾನ: "ಶಾಶ್ವತವಾಗಿ ಬತ್ತುತ್ತದೆ" ಎಂಬುದು ಹೆಚ್ಚಿನವರ ಮಟ್ಟಿಗೆ ಸುಳ್ಳು. "ಏನೂ ತೊಂದರೆ ಇಲ್ಲ" ಎಂಬುದೂ ಸುಳ್ಳು. ಇವೆರಡರಲ್ಲಿ ಯಾವುದನ್ನೂ ಫಾರ್ವರ್ಡ್ ಮಾಡಬೇಡಿ.