ಸಮುದಾಯ ಕೈತೋಟ ಮತ್ತು ಪರಾಗಸ್ಪರ್ಶಿಗಳು

ಸಮುದಾಯ ಕೈತೋಟವೆಂದರೆ ಒಂದು ಊರಿನ ಅಥವಾ ಬಡಾವಣೆಯ ಜನ ಸೇರಿ ಹೂವು, ತರಕಾರಿ, ಮದ್ದಿನ ಗಿಡಗಳನ್ನು ಬೆಳೆಸುವ ತೋಟ. ಶಾಲೆಯ ಹಿತ್ತಲು, ದೇವಸ್ಥಾನದ ಜಾಗ, ಪಂಚಾಯತಿ ನಿವೇಶನ, ವಸತಿ ಸಮುಚ್ಚಯದ ತಾರಸಿ ಇದಕ್ಕೆ ನೆಲೆಯಾಗಬಹುದು. ಜೇನು, ಚಿಟ್ಟೆ, ಪತಂಗಗಳಿಗೆ ಆಹಾರವೂ ಆಸರೆಯೂ ಸಿಗುವಂತೆ ರೂಪಿಸಿದಾಗ ಅದು ಪರಾಗಸ್ಪರ್ಶಿ ತೋಟವಾಗುತ್ತದೆ.

ಹಿನ್ನೆಲೆ

1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಸಂಗಡಿಗರು ನ್ಯೂಯಾರ್ಕಿನ ಪಾಳು ನಿವೇಶನವೊಂದನ್ನು ಹಸನುಗೊಳಿಸಿ ತೋಟ ಮಾಡಿದರು. ಬೆಂಗಳೂರಿನಲ್ಲಿ ಸಾವಯವ ತಾರಸಿ ಕೃಷಿಯನ್ನು ಜನರ ನಡುವೆ ಬೆಳೆಸಿದವರು ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್. ಅಲ್ಲಿ 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಮೇಳ ಕೈತೋಟಗಾರರಿಗೆ ಬೀಜ, ಗೊಬ್ಬರ, ಅನುಭವ ಹಂಚಿಕೊಳ್ಳುವ ವೇದಿಕೆಯಾಯಿತು. ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಒಂದಿಷ್ಟಾದರೂ ಪ್ರಾಣಿ-ಕೀಟಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆ ಎಂದು 2016ರ ಜಾಗತಿಕ ಜೀವವೈವಿಧ್ಯ ವೇದಿಕೆಯ ವರದಿ ತಿಳಿಸಿತು. ವಿಶ್ವಸಂಸ್ಥೆಯ ಕರೆಯಂತೆ 2018ರಿಂದ ಮೇ 20 ವಿಶ್ವ ಜೇನು ದಿನ.

ವಂಡ್ಸೆ ಪರಿಸರ

ಕರಾವಳಿಯ ಒಂದು ಊರನ್ನು ಉದಾಹರಣೆಯಾಗಿ ನೋಡಬಹುದು. ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನ ವಂಡ್ಸೆ, ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿದೆ. ಈ ಸೀಮೆಯಲ್ಲಿ ನಾಗಬನ, ಹಾಡಿ, ಮನೆ ಹಿತ್ತಲುಗಳೇ ಪರಾಗಸ್ಪರ್ಶಿಗಳ ಹಳೆಯ ಆಶ್ರಯ. ಬನದ ಮರಕ್ಕೆ ಕತ್ತಿ ಹಾಕಬಾರದೆಂಬ ಕಟ್ಟುಪಾಡು ಪೊಟರೆಯ ಜೇನನ್ನೂ ಕಾಯ್ದುಕೊಂಡು ಬಂದಿದೆ. ಮಕರ ಸಂಕ್ರಾಂತಿಯ ವೇಳೆಗೆ ಹೆಮ್ಮಾಡಿ ಸುತ್ತಿನ ಗದ್ದೆಗಳಲ್ಲಿ ಸೇವಂತಿಗೆ ಅರಳುತ್ತದೆ. ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಭಕ್ತರು ಒಯ್ಯುವುದು ಇದೇ ಹೂವನ್ನು. ವಂಡ್ಸೆ ಪಂಚಾಯತಿಯ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ ಘಟಕದಂಥ ಕಡೆ ಹಸಿ ಕಸ ಗೊಬ್ಬರವಾದರೆ, ಅದು ಊರ ಕೈತೋಟಕ್ಕೆ ಒದಗುತ್ತದೆ.

ಪರಾಗಸ್ಪರ್ಶಿಗಳು

ಕರಾವಳಿಯಲ್ಲಿ ತುಡುವೆ, ಕೋಲುಜೇನು, ಹೆಜ್ಜೇನುಗಳ ಜತೆ ಕೊಂಡಿಯಿಲ್ಲದ ಮುಜಂಟಿಯೂ ಇದೆ. ಮುಜಂಟಿ ಗೋಡೆಯ ಬಿರುಕಿನಲ್ಲೂ ಗೂಡು ಕಟ್ಟುತ್ತದೆ. ಗೂಡಿನಿಂದ ಬಹುದೂರ ಹೋಗದ ಕಾರಣ ಹತ್ತಿರದ ಹೂವೇ ಅದಕ್ಕೆ ಆಧಾರ. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗದಿಂದ ತುಡುವೆ ಕುಟುಂಬಗಳು ಅಪಾರವಾಗಿ ನಾಶವಾದವು.

ಬದನೆಯ ಹೂವಿನಲ್ಲಿ ಪರಾಗ ಹಳದಿ ಕೊಳವೆಗಳೊಳಗೆ ಇರುತ್ತದೆ, ಹೊರಬರಲು ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ಮರ ಕೊರೆಯುವ ಕರಿದುಂಬಿ ಅಥವಾ ನೀಲಿಪಟ್ಟೆ ಜೇನು ಹೂವನ್ನು ತಬ್ಬಿ, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಗುಂಯ್‌ಗುಡುತ್ತದೆ. ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ತುಡುವೆಗೆ ಈ ವಿದ್ಯೆಯಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿಯ ಮಟ್ಟುಗುಳ್ಳವೂ ಬದನೆಯೇ. ಸಂಜೆ ಅರಳುವ ಸೋರೆ ಹೂವಿಗೆ ಪತಂಗಗಳು ಬರುತ್ತವೆ.

ಗಿಡಗಳ ಆಯ್ಕೆ

ಬೇಸಿಗೆಯವರೆಗೆ ಗೇರು, ಮಾವು, ನೇರಳೆಯ ಹೂವು ದೊರೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಜೇನಿಗೆ ಬರಗಾಲ. ಸಾಕಣೆದಾರರು ಸಕ್ಕರೆ ಪಾಕ ಕೊಡಬೇಕಾಗುತ್ತದೆ. ಈ ಕೊರತೆಯನ್ನು ತುಂಬುವುದೇ ಕರಾವಳಿಯ ಕೈತೋಟದ ಮುಖ್ಯ ಕೆಲಸ. ಮಳೆಗಾಲದ ಸೌತೆ, ಹೀರೆ, ಬೆಂಡೆ, ಜತೆಗೆ ತುಳಸಿ, ಕೇಪಳ, ಮಳೆ ಇಳಿಯುವಾಗ ಅರಳುವ ತುಂಬೆ ಇದಕ್ಕೆ ನೆರವಾಗುತ್ತವೆ.

ಚಿಟ್ಟೆಗೆ ಮಕರಂದವಷ್ಟೇ ಸಾಲದು, ಕಂಬಳಿಹುಳುವಿಗೆ ಎಲೆಯೂ ಬೇಕು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿ ಈಶ್ವರಬಳ್ಳಿಯ ಜಾತಿಯ ಬಳ್ಳಿಗಳನ್ನು ತಿನ್ನುತ್ತದೆ. ನಿಂಬೆ, ಕರಿಬೇವು, ಎಕ್ಕಗಳಿಗೂ ಅವುಗಳದೇ ಚಿಟ್ಟೆಗಳಿವೆ. ಕರಿಬೇವಿನ ಕೆಲವು ಎಲೆ ತೂತಾದರೆ ಸಹಿಸಿಕೊಳ್ಳುವುದು ಇಂಥ ತೋಟದ ಮೊದಲ ನಿಯಮ.

ಜನರ ಸ್ವಾಸ್ಥ್ಯ

2011ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ, ಒತ್ತಡದ ಕೆಲಸ ಮುಗಿಸಿದವರಲ್ಲಿ ಅರ್ಧ ಗಂಟೆ ತೋಟದ ಕೆಲಸ ಮಾಡಿದವರ ಕಾರ್ಟಿಸಾಲ್ ಹಾರ್ಮೋನು, ಒಳಗೆ ಕುಳಿತು ಓದಿದವರಿಗಿಂತ ಹೆಚ್ಚು ಇಳಿದಿತ್ತು. ಮಕ್ಕಳು ಹೊರಗೆ ದುಡಿಯಲು ಹೋಗಿ ಹಿರಿಯರಷ್ಟೇ ಉಳಿದ ಮನೆಗಳಿರುವ ಕರಾವಳಿಯ ಊರುಗಳಲ್ಲಿ, ಕೂಡಿ ಮಾಡುವ ತೋಟ ಮೈಗೆ ಚಟುವಟಿಕೆಯನ್ನೂ ಮಾತಿಗೆ ಜನರನ್ನೂ ಕೊಡುತ್ತದೆ. ಶಾಲಾ ಕೈತೋಟದ ತರಕಾರಿ ಬಿಸಿಯೂಟಕ್ಕೆ ಸೇರುತ್ತದೆ.

ನಿರ್ವಹಣೆ

ಹೂವಿಗೆ ಜೇನು ಬರುವ ಹೊತ್ತಿನಲ್ಲಿ ಏನನ್ನೂ ಸಿಂಪಡಿಸಬಾರದು. ಬೇವಿನ ಎಣ್ಣೆಯಾದರೂ ಸಂಜೆಯ ಮೇಲೆಯೇ ಸಿಂಪಡಿಸಬೇಕು. ನೆಲದಲ್ಲಿ ಗೂಡು ತೋಡುವ ಜೇನುಗಳಿಗೆ ಒಂದಿಷ್ಟು ಮಣ್ಣನ್ನು ಅಗೆಯದೆ, ಮುಚ್ಚದೆ ಬಿಡಬೇಕು. ಒಣ ಬಿದಿರಿನ ತುಂಡುಗಳನ್ನು ಕಟ್ಟಿಟ್ಟರೆ ಕರಿದುಂಬಿಗಳಿಗೆ ಗೂಡಾಗುತ್ತದೆ. ಕುಂಡಗಳಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಹೆಚ್ಚುತ್ತದೆ. ಹೆಜ್ಜೇನಿನ ತಟ್ಟಿ ಕಂಡರೆ ಹೊಗೆ ಹಾಕದೆ, ಕಲ್ಲೆಸೆಯದೆ ದೂರವಿರಬೇಕು. ನೀರು, ಕಳೆ, ಕೊಯ್ಲಿನ ಸರದಿಯನ್ನು ಮೊದಲೇ ಹಂಚಿಕೊಂಡರೆ ತೋಟ ನೆಟ್ಟ ವರ್ಷಕ್ಕೇ ನಿಲ್ಲದೆ ಮುಂದುವರಿಯುತ್ತದೆ.